ಕಾರಿಲ್ಲದೆ ಒಂದು ದಿನದ ಪ್ರವಾಸ: ಕೊಲ್ಲಾಪುರದಿಂದ ಎಲ್ಲಿಗೆ, ಹೇಗೆ



ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರೂ ಊರುಗಳ ಸದಸ್ಯರು ನಮಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ಕಾರು ಅವರ ಹತ್ತಿರ ಇದೆ, ನಮ್ಮ ಹತ್ತಿರ ಇಲ್ಲ. ಬೀಗರು ಬಂದಾಗ, ರಜೆಗೆ ಮೊಮ್ಮಕ್ಕಳು ಬಂದಾಗ, ಬೆಳಿಗ್ಗೆ ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಂತೆ ಎಲ್ಲಿಗೆ ಹೋಗಬಹುದು? ಫೋನಿನಲ್ಲಿ ಒಬ್ಬೊಬ್ಬರಿಗೆ ಹೇಳುವ ಬದಲು ಒಂದೇ ಕಡೆ ಬರೆದಿಡುವುದು ಒಳ್ಳೆಯದೆಂದು ಕಾರ್ಯಕಾರಿ ಸಮಿತಿಯಲ್ಲಿ ಠರಾಯಿತು. ಬೇಕಾದವರು ಇದನ್ನು ಪ್ರಿಂಟು ತೆಗೆದು ಇಟ್ಟುಕೊಳ್ಳಬಹುದು.

ಇದರಲ್ಲಿ ಬಸ್ಸಿನ ವೇಳೆಗಳನ್ನು ಬೇಕೆಂದೇ ಕೊಟ್ಟಿಲ್ಲ. ಕಾರಣ ಮೊದಲು ಹೇಳಿಬಿಡುತ್ತೇವೆ.

ಮೊದಲು ವಾಪಸು ಬಸ್ಸು

ಕೆಲವು ವರ್ಷಗಳ ಹಿಂದೆ ನಾವು ಹನ್ನೊಂದು ಮಂದಿ ಖಿದ್ರಾಪುರಕ್ಕೆ ಹೋಗಿದ್ದೆವು. ಎಲ್ಲರಿಗೂ ಅನುಕೂಲವೆಂದು ರವಿವಾರ ಗೊತ್ತು ಮಾಡಿದ್ದೆವು. ವಾಪಸು ಬಸ್ಸು ಸಂಜೆ ನಾಲ್ಕೂಕಾಲಕ್ಕೆ ಎಂದು ನಾವೇ ಕೈಯಾರೆ ವಹಿಯಲ್ಲಿ ಬರೆದುಕೊಂಡಿದ್ದೆವು. ನಾಲ್ಕಕ್ಕೆ ಬಂದು ನಿಂತೆವು. ಐದಾಯಿತು. ಸೈಕಲ್ ಮೇಲೆ ಬಂದ ಒಬ್ಬ ಹುಡುಗ ನಮ್ಮನ್ನು ನೋಡಿ ಕಾಲೂರಿ ನಿಂತು, "ಅಜ್ಜಾರ, ಅದು ಸಾಲಿ ಗಾಡಿ ಐತ್ರಿ. ಇವತ್ತ ಐತವಾರ, ಬರಂಗಿಲ್ರಿ" ಎಂದ. ಕಚೇರಿಯಲ್ಲಿ ಇಡೀ ಜೀವಮಾನ ತಾರೀಖು, ವಾರ ನೋಡಿಯೇ ಸಹಿ ಮಾಡಿದ ನಮಗೆ ಅದೊಂದು ಹೊಳೆದಿರಲಿಲ್ಲ. ಕೊನೆಗೆ ಒಂದು ಹಾಲಿನ ಟೆಂಪೋದವರು ದೊಡ್ಡ ಮನಸ್ಸು ಮಾಡಿ ಕುರುಂದವಾಡದವರೆಗೆ ಬಿಟ್ಟರು. ಎಪ್ಪತ್ನಾಲ್ಕು ವರ್ಷದ ನಮ್ಮ ಹಿರಿಯ ಸದಸ್ಯೆಯನ್ನು ಮುಂದೆ ಕೂರಿಸಿ, ಉಳಿದವರು ಹಿಂದೆ ಕ್ಯಾನುಗಳ ನಡುವೆ ನಿಂತೆವು. ಇಬ್ಬರಿಗೆ ಸಕ್ಕರೆ ಕಾಯಿಲೆ, ಬುತ್ತಿ ಮಧ್ಯಾಹ್ನವೇ ಮುಗಿದಿತ್ತು. ಮನೆ ಮುಟ್ಟಿದಾಗ ರಾತ್ರಿ ಹತ್ತೂವರೆ. ಆ ತಾಯಿ ಬೈಯಲಿಲ್ಲ. "ಇನ್ನ ನನಗ ಕರೀಬ್ಯಾಡ ತಮ್ಮಾ" ಎಂದರು, ಅಷ್ಟೇ. ಬೈದಿದ್ದರೆ ಚಲೋ ಇತ್ತು.

ಆದ್ದರಿಂದ ಪ್ರವಾಸ ಹೋಗುವ ಬಸ್ಸಿನಿಂದ ಶುರುವಾಗುವುದಲ್ಲ, ಬರುವ ಬಸ್ಸಿನಿಂದ ಶುರುವಾಗುತ್ತದೆ. ಆ ಊರಿನಿಂದ ಕಡೆಯ ಬಸ್ಸು ಯಾವುದು, ಅದರ ಹಿಂದಿನದು ಯಾವುದು ಎಂದು ಮೊದಲು ತಿಳಿದು, ಹಿಂದಿನದಕ್ಕೆ ಹೊರಡುವ ಲೆಕ್ಕ ಹಾಕಬೇಕು. ಕಡೆಯದು ಆಪತ್ತಿಗೆ ಇರಲಿ. ಕೇಳುವಾಗ ಮೂರು ಪ್ರಶ್ನೆ ಬಿಡಬೇಡಿ: ಇದು ಶಾಲೆಯ ಗಾಡಿಯೇ? ಶನಿವಾರವೂ ಇದೇ ವೇಳೆಯೇ? (ಶನಿವಾರ ಬೆಳಗಿನ ಶಾಲೆ ಇರುವಲ್ಲಿ ಗಾಡಿ ಮಧ್ಯಾಹ್ನವೇ ಹೋಗಿಬಿಡುತ್ತದೆ.) ಇದು ವಸ್ತಿ ಬಸ್ಸೇ? ವಸ್ತಿ ಬಸ್ಸು ಸಂಜೆ ಹಳ್ಳಿಗೆ ಬಂದರೆ ಮರುದಿನ ಬೆಳಿಗ್ಗೆಯೇ ಹೊರಡುವುದು. ಬಸ್ಸು ಬಂತೆಂದು ಎದ್ದು ನಿಂತವರಿಗೆ ಡ್ರೈವರ್ ಚಾದರ ಹಾಸುವುದು ಕಾಣುತ್ತದೆ.

ಕೇಳುವುದು ಯಾರನ್ನು? ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೇಳಿ, ಆದರೆ ಅಷ್ಟಕ್ಕೇ ಬಿಡದೆ ಹೋಗುವಾಗಿನ ಕಂಡಕ್ಟರನ್ನೂ ಕೇಳಿ, ಇಳಿದ ಮೇಲೆ ಊರಿನ ಚಹಾ ಅಂಗಡಿಯಲ್ಲೂ ಕೇಳಿ. ಮೂವರ ಮಾತು ಬೇರೆ ಬೇರೆಯಾದರೆ ಚಹಾ ಅಂಗಡಿಯವನ ಮಾತು ನಂಬುವುದು ನಮ್ಮ ರೂಢಿ. ದಿನಾಲು ಬಸ್ಸು ನೋಡುವವನು ಅವನೇ.

ಇದು ನಮ್ಮ ಕಡೆಯ ಸಂಗತಿ ಮಾತ್ರವಲ್ಲ. ಸದಸ್ಯರೊಬ್ಬರ ಮಗಳು ಇಟಲಿಯಲ್ಲಿದ್ದಾಳೆ. ಅಲ್ಲಿ ಬೊಲೊನ್ಯಾ, ಫ್ಲಾರೆನ್ಸ್‌ನಂಥ ಒಂದೇ ಊರಿನಲ್ಲಿ ಉಳಿದು, ದಿನಕ್ಕೊಂದು ಸಣ್ಣ ಊರಿಗೆ ರೈಲು ಬಸ್ಸಿನಲ್ಲಿ ಹೋಗಿ ಬರುವವರು ಬಹಳ. ಅಲ್ಲಿನ ವೇಳಾಪಟ್ಟಿಯ ಮೇಲೆ 'ಫೆರಿಯಾಲೆ' ಎಂದಿದ್ದರೆ ಕೆಲಸದ ದಿನದ ಬಸ್ಸು, 'ಫೆಸ್ತಿವೊ' ಎಂದಿದ್ದರೆ ರವಿವಾರ ಮತ್ತು ಹಬ್ಬದ ಬಸ್ಸು ಎಂದರ್ಥ. ಅದನ್ನು ನೋಡದವರು ಅಲ್ಲಿಯೂ ಹಳ್ಳಿಯ ಕಟ್ಟೆಯ ಮೇಲೆ ಕೂರುತ್ತಾರಂತೆ. ಅಲ್ಲಿ ಬರೆದಾದರೂ ಇರುತ್ತದೆ.

ಯಾವ ಸ್ಟ್ಯಾಂಡು, ಯಾವ ಬೋರ್ಡು

ಕೊಲ್ಲಾಪುರದ ಮಧ್ಯವರ್ತಿ ಬಸ್ ಸ್ಟ್ಯಾಂಡು ರೈಲ್ವೆ ಸ್ಟೇಶನ್ನಿಗೆ ನಡೆದು ಹೋಗುವಷ್ಟು ಹತ್ತಿರ. ಇಚಲಕರಂಜಿ, ಕುರುಂದವಾಡ, ಕಾಗಲ, ನಿಪ್ಪಾಣಿ, ಗಡಹಿಂಗ್ಲಜ ಕಡೆಯ ಬಸ್ಸುಗಳಿಗೆ ಇಲ್ಲಿಗೇ ಬನ್ನಿ. ಪಶ್ಚಿಮದ ಮತ್ತು ರಾಧಾನಗರಿ ಕಡೆಯ ಕೆಲವು ಬಸ್ಸುಗಳು ರಂಕಾಳಾ ಮತ್ತು ಸಂಭಾಜಿನಗರ ಸ್ಟ್ಯಾಂಡುಗಳಿಂದ ಹೊರಡುತ್ತವೆ, ಹಿಂದಿನ ದಿನವೇ ಕೇಳಿಕೊಳ್ಳಿ. ಹತ್ತಿರದ ಕೆಲವು ಹಳ್ಳಿಗಳಿಗೆ ನಗರದ ಕೆ.ಎಂ.ಟಿ. ಬಸ್ಸುಗಳೂ ಇವೆ.

'ವಿನಾಥಾಂಬಾ' ಎಂದು ಬೋರ್ಡಿದ್ದರೆ ಆ ಬಸ್ಸು ನಡುವೆ ಎಲ್ಲಿಯೂ ನಿಲ್ಲುವುದಿಲ್ಲ. ಕೊಲ್ಲಾಪುರ–ಇಚಲಕರಂಜಿ ನಡುವಿನ ಊರಿಗೆ ಹೋಗುವವರು ಅದನ್ನು ಹತ್ತಬಾರದು. ಬಸ್ಸು ಇಲ್ಲದ ಕಡೆ ವಡಾಪ ಇರುತ್ತದೆ. ಹೋಗುವಾಗ ವಡಾಪ ಪರವಾಗಿಲ್ಲ, ಬರುವಾಗ ಅದನ್ನು ನಂಬಿ ಕೂರಬೇಡಿ, ಮಂದಿ ತುಂಬದೆ ಅವರು ಬಿಡುವುದಿಲ್ಲ. ಗಡಿ ದಾಟಿದರೆ ಅದೇ ಕೆಲಸವನ್ನು ಟಂಟಂ ಮಾಡುತ್ತದೆ.

ಮಹಾರಾಷ್ಟ್ರದ ಬಸ್ಸಿನ ಬೋರ್ಡು ಮರಾಠಿಯಲ್ಲಿ, ವಾಯವ್ಯ ಕರ್ನಾಟಕ ಸಾರಿಗೆಯ ಬೋರ್ಡು ಕನ್ನಡದಲ್ಲಿ. ನಮ್ಮ ವಯಸ್ಸಿನವರಿಗೆ ಎರಡೂ ಸರಿ. ಮರಾಠಿ ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ಎರಡನೆಯದು ಬರುವುದಿಲ್ಲ. ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವ ಅರ್ಧ ಗಂಟೆಯಲ್ಲಿ ಅವರಿಗೆ ಬೋರ್ಡು ಓದಿಸಿ. ಚಿಕ್ಕೋಡಿ, ಗೋಕಾಕ, ಹುಕ್ಕೇರಿ, ಈ ಮೂರೇ ಹೆಸರಿನಲ್ಲಿ ಒತ್ತಕ್ಷರ, ದೀರ್ಘ ಎಲ್ಲ ಬಂದುಬಿಡುತ್ತದೆ.

ಟಿಕೆಟ್ಟಿನ ಸವಲತ್ತು

ಮಹಾರಾಷ್ಟ್ರದ ಎಸ್.ಟಿ.ಯಲ್ಲಿ 2022ರ ಆಗಸ್ಟ್‌ನಿಂದ 75 ವರ್ಷ ದಾಟಿದವರಿಗೆ ಪ್ರಯಾಣ ಪುಕ್ಕಟೆ. 65ರಿಂದ 75ರವರೆಗಿನವರಿಗೆ ಅರ್ಧ ಟಿಕೆಟ್ಟು. ಹೆಣ್ಣುಮಕ್ಕಳಿಗೆ ವಯಸ್ಸು ಎಷ್ಟೇ ಇರಲಿ 2023ರ ಮಾರ್ಚ್ 17ರಿಂದ ಅರ್ಧ. ಇವೆಲ್ಲ ರಾಜ್ಯದ ಗಡಿಯವರೆಗೆ ಮಾತ್ರ. ಅದೇ ಎಸ್.ಟಿ.ಯಲ್ಲಿ ಬೆಳಗಾವಿಗೆ ಹೋದರೆ ಗಡಿಯಿಂದ ಮುಂದಿನ ದಾರಿಗೆ ಪೂರ್ತಿ ದುಡ್ಡು. ಮೊತ್ತ ನೋಡಿ ಕಂಡಕ್ಟರ್ ಜೊತೆ ತಂಟೆ ತೆಗೆಯಬೇಡಿ.

ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಅದು ಕರ್ನಾಟಕದ ವಿಳಾಸವುಳ್ಳ ಮಹಿಳೆಯರಿಗೆ. ನಮ್ಮ ಆಧಾರ್ ಕಾರ್ಡಿನ ಮೇಲೆ ಕೊಲ್ಲಾಪುರ ಜಿಲ್ಲೆ ಇರುತ್ತದೆ, ಆದ್ದರಿಂದ ನಮ್ಮ ಅಕ್ಕ-ತಂಗಿಯರಿಗೆ ಪೂರ್ತಿ ಟಿಕೆಟ್ಟು. "ಮನೆಯಲ್ಲಿ ಕನ್ನಡ ಮಾತಾಡತೇವರಿ" ಎಂದು ಸಂಘದ ಚೀಟಿ ತೋರಿಸಿದವರು ಒಬ್ಬರಿದ್ದಾರೆ. ಕಂಡಕ್ಟರ್ ನಕ್ಕು ಟಿಕೆಟ್ಟು ಹರಿದ. ಅವನದೇನೂ ತಪ್ಪಿಲ್ಲ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು. ಆದರೆ ಮಿರಜದ ಸಾದಾ ಗಾಡಿಯ ಟಿಕೆಟ್ಟು ಹೇಗೂ ಕಡಿಮೆಯೇ.

ನಾಲ್ಕಾರು ದಿನ ಇರುವ ಅತಿಥಿಗಳಿಗೆ ಎಸ್.ಟಿ.ಯ 'ಆವಡೇಲ್ ತೇಥೇ ಪ್ರವಾಸ' ಪಾಸು ಉಂಟು, ನಾಲ್ಕು ದಿನದ್ದು, ಏಳು ದಿನದ್ದು. ದಿನಾಲು ದೂರ ಹೋಗುವವರಿಗೆ ಲಾಭ. ಅರ್ಧ ಟಿಕೆಟ್ಟಿನವರಿಗೆ ಲೆಕ್ಕ ಹಾಕಿ ನೋಡಿದರೆ ಬಹಳ ಸಲ ನಷ್ಟವೇ.

ಖಿದ್ರಾಪುರ ಮತ್ತು ನರಸೋಬಾವಾಡಿ

ಬಯ್ಗುಳ ತಿನ್ನಬೇಕಾಗಿ ಬಂದರೂ ಖಿದ್ರಾಪುರವನ್ನೇ ನಾವು ಮೊದಲ ಹೆಸರಾಗಿ ಹೇಳುತ್ತೇವೆ. ಕೊಲ್ಲಾಪುರದಿಂದ ಸುಮಾರು 60 ಕಿ.ಮೀ., ಶಿರೋಳ ತಾಲೂಕಿನ ತುದಿ, ಕೃಷ್ಣಾ ನದಿ ಮಗ್ಗಲು ಬದಲಿಸುವ ಜಾಗ. ಹೊಳೆಯ ಆಚೆ ದಂಡೆ ಕರ್ನಾಟಕ. ಅಲ್ಲಿನ ಕೋಪೇಶ್ವರ ದೇವಸ್ಥಾನ ಕೊಲ್ಲಾಪುರದ ಶಿಲಾಹಾರರ ಕಾಲದ್ದು, 12ನೆಯ ಶತಮಾನದ ಕೆಲಸ. ಒಳಗೆ ಹೋಗುವ ಮೊದಲೇ ಸ್ವರ್ಗಮಂಟಪ ಸಿಗುತ್ತದೆ: 48 ಕಂಬ, ಮೇಲೆ ಮಾಳಿಗೆಯ ಬದಲು ದುಂಡಗೆ ತೆರೆದ ಆಕಾಶ, ಅದರ ನೇರ ಕೆಳಗೆ ದುಂಡನೆಯ ಒಂದೇ ಹಾಸುಗಲ್ಲು. ಶಿವನ ಗುಡಿಯಾದರೂ ಎದುರಿಗೆ ನಂದಿ ಇಲ್ಲ. ದಕ್ಷಯಜ್ಞಕ್ಕೆ ಸತಿ ನಂದಿಯ ಮೇಲೆ ಹೋದಳು, ಸಿಟ್ಟಾದ ಶಿವ ಇಲ್ಲಿ ಕೋಪೇಶ್ವರನಾಗಿ ಕುಳಿತ, ಅವನನ್ನು ಸಮಾಧಾನ ಮಾಡಲು ಬಂದ ವಿಷ್ಣು ಧೋಪೇಶ್ವರನಾಗಿ ಪಕ್ಕದಲ್ಲಿದ್ದಾನೆ ಎಂಬುದು ಐತಿಹ್ಯ. ನಂದಿ ಉಳಿದದ್ದು ಹೊಳೆಯಾಚೆಯ ಯಡೂರಿನಲ್ಲಿ. ಗಂಡನ ಮನೆ ಮಹಾರಾಷ್ಟ್ರ, ವಾಹನ ಕರ್ನಾಟಕ. ನಮ್ಮ ಬಹಳ ಮನೆಗಳ ಕಥೆ ಇದೇ ತಾನೆ.

ನಮಗೆ ಮುಖ್ಯವಾದದ್ದು ಕಲ್ಲಿನ ಮೇಲಿನ ಬರಹ. ಗುಡಿಯ ಒಳಗೂ ಹೊರಗೂ ಸೇರಿ ಹನ್ನೆರಡರಷ್ಟು ಶಾಸನಗಳಿವೆ. ಒಂದನ್ನು ಬಿಟ್ಟು ಉಳಿದವೆಲ್ಲ ಕನ್ನಡ ಲಿಪಿ, ಕನ್ನಡ ಭಾಷೆ. ಆ ಒಂದು, ದಕ್ಷಿಣ ಬಾಗಿಲ ಬಳಿ ಹೊರಗೋಡೆಯ ಮೇಲಿರುವುದು, ದೇವಗಿರಿಯ ಯಾದವ ಸಿಂಘಣನ ಸಂಸ್ಕೃತ ಶಾಸನ, ನಾಗರಿ ಲಿಪಿ, ಶಕ 1136, ಅಂದರೆ ಕ್ರಿ.ಶ. 1213–14. ಶಿಲಾಹಾರರ ಕೊನೆಯ ದೊಡ್ಡ ಅರಸು ಎರಡನೆಯ ಭೋಜನನ್ನು ಸೋಲಿಸಿದವನು ಇದೇ ಸಿಂಘಣ. ಗೆದ್ದವನ ಲಿಪಿ ಒಂದು ಕಡೆ, ಸೋತವರ ಕಾಲದ ಕನ್ನಡ ಉಳಿದ ಕಡೆ ಎಂದು ಮಕ್ಕಳಿಗೆ ತೋರಿಸಿ ಹೇಳಲು ಬರುತ್ತದೆ. ಇದೇ ಮನೆತನದ ಆಶ್ರಯದಲ್ಲಿ ಕರ್ಣಪಾರ್ಯ ಕನ್ನಡದಲ್ಲಿ ನೇಮಿನಾಥ ಪುರಾಣ ಬರೆದದ್ದನ್ನೂ ಅಲ್ಲಿಯೇ ಹೇಳಿ. ಕೊಲ್ಲಾಪುರದಲ್ಲಿ ಕನ್ನಡ ಎಂದಿನಿಂದ ಎಂದು ಕೇಳುವವರಿಗೆ ವಾದ ಬೇಕಿಲ್ಲ, ಒಂದು ಬಸ್ ಟಿಕೆಟ್ಟು ಸಾಕು.

ಶಾಸನಗಳಲ್ಲಿ ಒಂದೆರಡು ಮಾತ್ರ ಈಗ ಚೆನ್ನಾಗಿವೆ, ಉಳಿದವು ಸವೆದಿವೆ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರದ ಅಂಚಿಗೆ ನೆರಳು ಬಿದ್ದು ಎದ್ದು ಕಾಣುತ್ತವೆ. ಮೋಡವಿದ್ದರೆ ಮೊಬೈಲಿನ ಬ್ಯಾಟರಿಯನ್ನು ಪಕ್ಕದಿಂದ ಹಿಡಿಯಿರಿ. ಸುಣ್ಣ, ಚಾಕು, ನೀರು, ಎಣ್ಣೆ ಯಾವುದನ್ನೂ ಹಚ್ಚಬೇಡಿ, ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಒಮ್ಮೆ ಐದನೆಯ ಇಯತ್ತೆಯ ಹುಡುಗನೊಬ್ಬ ತನ್ನ ಅಜ್ಜಿ ಕಲಿಸಿದ ಅಕ್ಷರಗಳಲ್ಲಿ ಒಂದು ಗುರುತಿಸಿದ. ಎರಡನೆಯದು ತಪ್ಪು ಹೇಳಿದ. ಅಜ್ಜಿ ಮಾತ್ರ ದಾರಿಯುದ್ದಕ್ಕೂ ಕಂಡಕ್ಟರನಿಗೂ ಅದನ್ನೇ ಹೇಳಿದರು.

ಅದೇ ಊರಿನಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಆದಿನಾಥ ಬಸದಿ ಇದೆ, ಅದನ್ನು ಬಿಟ್ಟು ಬರುವವರೇ ಬಹಳ. ಸಾಮಾನು ಸಿಗುವ ದೊಡ್ಡ ಹೋಟೆಲು ಅಲ್ಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಹೋಗುವುದೇ ಲೇಸು. ಕಾರ್ತಿಕ ಹುಣ್ಣಿಮೆಯ ನಡುರಾತ್ರಿ ಚಂದ್ರ ಸ್ವರ್ಗಮಂಟಪದ ತೆರೆದ ಬಾಯಿಗೆ ನೇರ ಬರುತ್ತಾನೆಂದು ಬಹಳ ಜನ ಸೇರುತ್ತಾರೆ. ನೋಡಬೇಕಾದದ್ದೇ, ಆದರೆ ಆ ಹೊತ್ತಿಗೆ ಬಸ್ಸಿಲ್ಲ.

ದಾರಿ: ಕೊಲ್ಲಾಪುರದಿಂದ ಇಚಲಕರಂಜಿ ಅಥವಾ ಜಯಸಿಂಗಪುರದ ಮೇಲೆ ಕುರುಂದವಾಡ, ಅಲ್ಲಿಂದ ಖಿದ್ರಾಪುರ. ಕುರುಂದವಾಡದವರೆಗೆ ಚಿಂತೆಯಿಲ್ಲ, ಮುಂದೆ ಬಸ್ಸು ವಿರಳ. ಇಚಲಕರಂಜಿಯ ಸದಸ್ಯರಿಗೆ ಒಂದು ತಾಸು ಉಳಿಯುತ್ತದೆ. ಕಷ್ಟದ ಊರನ್ನು ಮೊದಲು ಮುಗಿಸಿ, ಸುಲಭದ ಊರನ್ನು ಕೊನೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಖಿದ್ರಾಪುರ, ಮಧ್ಯಾಹ್ನ ಕುರುಂದವಾಡಕ್ಕೆ ಬಂದು, ಸೇತುವೆ ದಾಟಿದರೆ ನರಸೋಬಾವಾಡಿ. ಅಲ್ಲಿಂದ ಕೊಲ್ಲಾಪುರ, ಸಾಂಗಲಿ, ಇಚಲಕರಂಜಿ ಎಲ್ಲ ಕಡೆಗೆ ಬಸ್ಸುಗಳು ಬಹಳ. ನಾವು ಆ ರವಿವಾರ ಮಾಡಿದ್ದು ಇದರ ಉಲ್ಟಾ.

ವಾಡಿಯ ಬಗ್ಗೆ ನಮ್ಮವರಿಗೆ ಹೆಚ್ಚು ಹೇಳಬೇಕಿಲ್ಲ. ಕೃಷ್ಣಾ-ಪಂಚಗಂಗಾ ಸಂಗಮ, ಶ್ರೀ ನರಸಿಂಹ ಸರಸ್ವತಿಗಳು 12 ವರ್ಷ ಇದ್ದು ಮುಂದೆ ಗಾಣಗಾಪುರಕ್ಕೆ ಹೋದ ಸ್ಥಳ. ಕವಠದ ಬರ್ಫಿ, ಬಾಸುಂದಿ, ಹೊಳೆದಂಡೆಯ ಬದನೆಕಾಯಿ ತರಲು ಕೈಚೀಲ ಒಂದು ಹೆಚ್ಚಿಗೆ ಇರಲಿ. ಹುಣ್ಣಿಮೆ, ಗುರುವಾರ, ದತ್ತ ಜಯಂತಿಗೆ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದಿಲ್ಲ.

ರೈಲಿನ ದಾರಿ

ಕೊಲ್ಲಾಪುರ–ಮಿರಜ ರೈಲು 1891ರಲ್ಲಿ ಶುರುವಾದದ್ದು, ಸುಮಾರು 48 ಕಿ.ಮೀ. ಮೊಣಕಾಲು ನೋವಿನವರಿಗೆ, ದಾರಿಯಲ್ಲಿ ಶೌಚದ ತೊಂದರೆ ಇರುವವರಿಗೆ ನಾವು ರೈಲನ್ನೇ ಹೇಳುತ್ತೇವೆ. ಹಾತಕಣಂಗಲೆ ಸ್ಟೇಶನ್ನು ಇಚಲಕರಂಜಿಯವರಿಗೆ ಹತ್ತಿರ. ಕುಂಭೋಜದ ಬಾಹುಬಲಿ ಗುಡ್ಡಕ್ಕೂ ಇಲ್ಲಿಯೇ ಇಳಿಯುವುದು. ಗುಡ್ಡದ ಮೇಲೆ 28 ಅಡಿ ಎತ್ತರದ ಅಮೃತಶಿಲೆಯ ಬಾಹುಬಲಿ 1963ರಲ್ಲಿ ಪ್ರತಿಷ್ಠೆಯಾದದ್ದು. ಕುಂಭೋಜ ಕರ್ಮವೀರ ಭಾವುರಾವ ಪಾಟೀಲರು ಹುಟ್ಟಿದ ಊರೂ ಹೌದು.

ಮಿರಜದಲ್ಲಿ ಗಾಡಿ ಬದಲಿಸಿದರೆ ಬೆಳಗಾವಿ ಹಾದಿ: ಉಗಾರ, ಕುಡಚಿ, ರಾಯಬಾಗ, ಘಟಪ್ರಭಾ, ಗೋಕಾಕ ರೋಡ್. ಗೋಕಾಕ ಫಾಲ್ಸ್‌ಗೆ ಗೋಕಾಕ ರೋಡ್‌ನಲ್ಲಿ ಇಳಿದು ಟಂಟಂ ಹಿಡಿಯಬೇಕು. ಘಟಪ್ರಭೆ ಅಲ್ಲಿ 52 ಮೀಟರ್ ಕೆಳಗೆ ಧುಮುಕುತ್ತಾಳೆ. ದಂಡೆಯ ಮೇಲೆ ಚಾಲುಕ್ಯ ಶೈಲಿಯ ಹಳೆಯ ಗುಡಿಗಳು, ಹಳೆಯ ನೂಲಿನ ಗಿರಣಿ, ಆ ನೀರಿನಿಂದ 1887ರಲ್ಲೇ ವಿದ್ಯುತ್ತು ತೆಗೆದ ಜಾಗ. ನೂಲು, ಮಗ್ಗ ಬಲ್ಲ ಇಚಲಕರಂಜಿಯ ಸದಸ್ಯರು ಜಲಪಾತಕ್ಕಿಂತ ಗಿರಣಿಯನ್ನೇ ಹೆಚ್ಚು ಹೊತ್ತು ನೋಡಿದರು. ನೀರು ಚೆನ್ನಾಗಿರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಬೇಸಿಗೆಯಲ್ಲಿ ಬಂಡೆ ನೋಡಿ ಬರುವುದಷ್ಟೆ. ಕೊಲ್ಲಾಪುರದಿಂದ ಒಂದೇ ದಿನದಲ್ಲಿ ಆಗುತ್ತದೆ, ಆದರೆ ಮಿರಜದಲ್ಲಿ ಒಂದು ಗಾಡಿ ತಪ್ಪಿದರೆ ದಿನ ಕೆಟ್ಟಿತು. ವಯಸ್ಸಾದವರು ಗೋಕಾಕದಲ್ಲಿ ಒಂದು ರಾತ್ರಿ ಉಳಿಯಲಿ ಎಂಬುದು ನಮ್ಮ ಸಲಹೆ. ಕರದಂಟು ಹೇಗೂ ತರಬೇಕಲ್ಲ.

ಗಡಹಿಂಗ್ಲಜದ ಸದಸ್ಯರಿಗೆ

ಎಲ್ಲದಕ್ಕೂ ಕೊಲ್ಲಾಪುರವೇ ಕೇಂದ್ರವೇಕೆ ಎಂದು ಗಡಹಿಂಗ್ಲಜದವರು ಕೇಳುವುದು ನ್ಯಾಯವೇ. ಅವರಿಗೆ ಸಂಕೇಶ್ವರ ಹತ್ತಿರ, ಹಿರಣ್ಯಕೇಶಿಯ ದಂಡೆಯಲ್ಲೇ ಕೆಳಗೆ ಇಳಿದಂತೆ. ಶಂಕರಲಿಂಗ ದೇವಸ್ಥಾನ ನೋಡಿ, ಅಲ್ಲಿಂದ ಹುಕ್ಕೇರಿಗೆ ಹೋದರೆ ಆದಿಲಶಾಹಿ ಕಾಲದ ಗುಮ್ಮಟಗಳು, ಸಂಜೆಗೆ ಮನೆ. ಗೋಕಾಕಕ್ಕೂ ಅವರಿಗೆ ಈ ದಾರಿಯೇ ಸರಿ, ಮಿರಜ ಸುತ್ತುವುದು ಬೇಡ. ತಮ್ಮ ಬದಿಯ ಸಾಮಾನಗಡಕ್ಕೆ ಸುಮಾರು 10 ಕಿ.ಮೀ., 1844ರ ಗಡಕರಿಗಳ ಬಂಡಾಯ ಹೊತ್ತಿಕೊಂಡ ಕೋಟೆ. ಬಸ್ಸು ಕಡಿಮೆ, ನಾಲ್ಕೈದು ಮಂದಿ ಸೇರಿ ಹೋಗುವ-ಬರುವ ರಿಕ್ಷಾ ಮಾಡುವುದು ಮೇಲು.

ಕೊಲ್ಲಾಪುರ–ಗಡಹಿಂಗ್ಲಜ ನಡುವೆ ನಿಪ್ಪಾಣಿ ಮಾರ್ಗವಾಗಿ ಓಡುವ ಬಸ್ಸು ಮಹಾರಾಷ್ಟ್ರದಿಂದ ಹೊರಟು ಕರ್ನಾಟಕದೊಳಗೆ ಹಾದು ಮತ್ತೆ ಮಹಾರಾಷ್ಟ್ರ ಸೇರುತ್ತದೆ ಎಂಬುದನ್ನು ನೆನಪಿಡಿ. ಮುಂದಿನ ಮಾತಿಗೆ ಇದು ಬೇಕು.

ಹೊರಡಬಾರದ ದಿನಗಳು

ಗಡಿ ವಿಷಯ ಕಾವೇರಿದಾಗ ಮೊದಲು ನಿಲ್ಲುವುದು ಬಸ್ಸು. 2022ರ ಡಿಸೆಂಬರಿನಲ್ಲಿ ಹಾಗಾಯಿತು, 2025ರ ಫೆಬ್ರುವರಿಯಲ್ಲಿ ಕೆಲವು ದಿನ ಮತ್ತೆ ಆಯಿತು. ನವೆಂಬರ್ 1ರ ಆಸುಪಾಸು, ಬೆಳಗಾವಿ ಅಧಿವೇಶನದ ದಿನಗಳಲ್ಲಿ ಗಡಿ ದಾಟುವ ಪ್ರವಾಸ ಇಟ್ಟುಕೊಳ್ಳಬೇಡಿ. ಹೊರಡುವ ದಿನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ "ಬಸ್ಸು ನಿಪ್ಪಾಣಿ ದಾಟುತ್ತದೆಯೇ" ಎಂದು ಕೇಳಿಯೇ ಹತ್ತಿ. ಆಚೆ ಸಿಕ್ಕಿಬಿದ್ದರೆ ರೈಲು ಹಿಡಿದು ಮಿರಜಕ್ಕೆ ಬರುವ ದಾರಿ ನೋಡಿ. ಬಸ್ಸಿನಲ್ಲಿ ಭಾಷೆಯ ಮಾತು ಬಂದರೆ ಕಿಟಕಿಯಾಚೆ ನೋಡಿ. ಕಂಡಕ್ಟರ್ ಯಾವ ಭಾಷೆಯಲ್ಲಿ ಕೇಳುತ್ತಾನೋ ಆ ಭಾಷೆಯಲ್ಲಿ ಊರಿನ ಹೆಸರು ಹೇಳಿ. ನಮಗೆ ಎರಡೂ ಬರುತ್ತವೆ, ಆ ಪುಣ್ಯ ಎಲ್ಲರಿಗಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಹೊಳೆದಂಡೆಯ ಊರು ಬೇಡ. 2019 ಮತ್ತು 2021ರ ಮಹಾಪೂರದಲ್ಲಿ ಶಿರೋಲಿ ಹತ್ತಿರ ಹೆದ್ದಾರಿಯೇ ಬಂದಾಗಿತ್ತು. ಆ ತಿಂಗಳುಗಳಲ್ಲಿ ಊರೊಳಗಿನ ಟೌನ್ ಹಾಲ್ ಮ್ಯೂಸಿಯಂ ನೋಡಿ: ಪಂಚಗಂಗಾ ದಂಡೆಯ ಬ್ರಹ್ಮಪುರಿ ದಿನ್ನೆಯಲ್ಲಿ ಸಿಕ್ಕ ಪೊಸೈಡನ್ ಎಂಬ ಸಮುದ್ರದೇವರ ಪುಟ್ಟ ಕಂಚಿನ ಮೂರ್ತಿ ಅಲ್ಲಿದೆ, ರೋಮನ್ ವ್ಯಾಪಾರದ ಜೊತೆ ಬಂದದ್ದು. ಮಳೆ ನಿಂತ ದಿನ ಪನ್ಹಾಳ, ಸುಮಾರು 20 ಕಿ.ಮೀ. ಇಮ್ಮಡಿ ಭೋಜನ ಕೋಟೆ, 2025ರ ಜುಲೈನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಒಂದು. ಜೋತಿಬಾ ಅದೇ ಕಡೆ, ಆದರೆ ಚೈತ್ರ ಯಾತ್ರೆಯ ದಿನ ಹೋಗಬೇಡಿ.

ಕಬ್ಬಿನ ಹಂಗಾಮಿನಲ್ಲಿ, ಅಂದರೆ ದೀಪಾವಳಿಯಿಂದ ಮಾರ್ಚ್‌ವರೆಗೆ, ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಲ್ಲುತ್ತದೆ. ಒಂದು ಗಂಟೆಯ ದಾರಿಗೆ ಒಂದೂವರೆ ಹಿಡಿಯಿರಿ.

ನೀವು ಹೋದ ಊರಿನ ಸ್ಟ್ಯಾಂಡಿನಲ್ಲಿ ವೇಳಾಪಟ್ಟಿಯ ಬೋರ್ಡು ಕಂಡರೆ ಫೋಟೋ ತೆಗೆದು, ತಾರೀಖು ಮತ್ತು ವಾರ ಬರೆದು ಸಂಘಕ್ಕೆ ಕಳುಹಿಸಿ. ಯಾವ ಬಸ್ಸು ಬಂತು, ಯಾವುದು ಬರಲಿಲ್ಲ ಅದನ್ನೂ ಬರೆಯಿರಿ. ಖಿದ್ರಾಪುರಕ್ಕೆ ಮತ್ತೊಮ್ಮೆ ಹೋಗುವ ವಿಚಾರವಿದೆ, ಈ ಸಲ ಮಂಗಳವಾರ ಅಥವಾ ಬುಧವಾರ. ಆ ಹಿರಿಯ ಸದಸ್ಯೆಗೂ ಹೇಳಿ ಕಳುಹಿಸಿದ್ದೆವು. ವಾಪಸು ಬಸ್ಸಿನ ವೇಳೆಯನ್ನು ಕಂಡಕ್ಟರ್ ಬಾಯಿಂದಲೇ ಕೇಳಿಸಿಕೊಂಡು ಬಂದು ತಮಗೆ ಹೇಳಬೇಕು, ಆಮೇಲೆ ನೋಡೋಣ ಎಂದಿದ್ದಾರೆ. ಮುಂದಿನ ವಾರ ಕುರುಂದವಾಡಕ್ಕೆ ಹೋಗಿ ಕೇಳಿ ಬರುತ್ತೇವೆ.